ಮುಷ್ಟಿಮಲ್ಲನ ಮನೋಧರ್ಮ

ಮನುಷ್ಯನು ಆಡುವ ಆಟಗಳಲ್ಲಿ ಹಲವು ಕೂಡಿ ಆಡತಕ್ಕವು. ಕೆಲವು ಮಾತ್ರ ಒಂಟಿಯಾಗಿ ಆಡತಕ್ಕವು. ನಾವು ವಾಸಮಾಡುವ ಈ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕಾಲ್ಚೆಂಡಿನ ಪಂದ್ಯಗಳು ನಡೆದಾಗ ಸಹಸ್ರಾರು ಜನ ನೆರೆದು ಕೂಗುವುದನ್ನು ನಾವೆಲ್ಲರೂ ಕೇಳಿದ್ದೇವೆ. ಅಲ್ಲಿ ಒಬ್ಬನು ಎಡವಿದರೆ ಇನ್ನೊಬ್ಬನು ಚೆಂಡನ್ನು ತಡೆಯುತ್ತಾನೆ. ಸೋತರೆ ಸೋಲಿನ ಭಾರವನ್ನು ಹನ್ನೊಂದು ಮಂದಿ ಹಂಚಿಕೊಳ್ಳುತ್ತಾರೆ. ಇಂದು ಎಲ್ಲರೂ ಬಾಕ್ಸಿಂಗ್ ಎಂದು ಕರೆಯುವ ಮುಷ್ಟಿಕಾಳಗದಲ್ಲಿ ಈ ಅನುಕೂಲವಿಲ್ಲ. ಗಂಟೆ ಬಾರಿಸಿದೊಡನೆ ಗುರುವು ಹಗ್ಗದಾಚೆಗೆ ಇಳಿದುಬಿಡುತ್ತಾನೆ. ಕಣದಲ್ಲಿ ಉಳಿಯುವವರು ಇಬ್ಬರು ಸ್ಪರ್ಧಿಗಳು ಮತ್ತು ಒಬ್ಬ ತೀರ್ಪುಗಾರ. ಹೀಗೆ ಏಕಾಕಿಯಾಗಿ ನಿಂತವನ ಮನಸ್ಸು ಎಂತಹದು? ಅವನು ಬಯಸುವುದೇನು? ಬಯಸಿದುದರಲ್ಲಿ ಕೊನೆಗೆ ಉಳಿಯುವುದೇನು? ಈ ಪ್ರಶ್ನೆಗಳನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಆಟದ ಕ್ರಮವನ್ನು ತಿಳಿಯುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಈ ಕಣಕ್ಕೆ ಉಂಗುರವೆಂಬ ಅರ್ಥದ ಹೆಸರಿದ್ದರೂ ಅದು ವಾಸ್ತವವಾಗಿ ಚೌಕ. ಹಗ್ಗಗಳೊಳಗೆ ಅದರ ಒಂದೊಂದು ಬದಿಯೂ ಸುಮಾರು 20 ಅಡಿ. ಪೂರ್ವದಲ್ಲಿ ಜನರು ಬರಿಗೈಯಲ್ಲಿ, ಒಬ್ಬನು ಏಳಲಾರದೆ ಬೀಳುವ ತನಕ ಹೊಡೆದಾಡುತ್ತಿದ್ದರು. 1867ರಲ್ಲಿ ಇಂಗ್ಲೆಂಡಿನಲ್ಲಿ ಕ್ವೀನ್ಸ್‌ಬೆರಿ ನಿಯಮಗಳೆಂಬ ಕಟ್ಟುಪಾಡುಗಳು ಪ್ರಕಟವಾದವು. ಕೈಗೆ ಗವುಸು ಬೇಕು. ಒಂದು ಸುತ್ತಿಗೆ ಮೂರು ನಿಮಿಷ. ಸುತ್ತುಗಳ ನಡುವೆ ಒಂದು ನಿಮಿಷದ ವಿಶ್ರಾಂತಿ. ಬಿದ್ದವನು ಯಾರ ನೆರವೂ ಇಲ್ಲದೆ ಹತ್ತು ಸೆಕೆಂಡುಗಳೊಳಗೆ ಎದ್ದು ನಿಲ್ಲಬೇಕು. ಇವುಗಳಿಂದ ಬೀದಿಯ ಜಗಳವು ವಿದ್ಯೆಯಾಗಿ ಮಾರ್ಪಟ್ಟಿತು. ತೂಕಕ್ಕೆ ತಕ್ಕಂತೆ ವರ್ಗಗಳನ್ನು ಮಾಡಿದ್ದರಿಂದ ಹಗುರವಾದವನು ಹಗುರವಾದವನೊಡನೆಯೂ ಭಾರವಾದವನು ಭಾರವಾದವನೊಡನೆಯೂ ಸೆಣಸುವಂತಾಯಿತು.

ಈ ನಿಯಮಗಳಲ್ಲಿ ಹತ್ತು ಸೆಕೆಂಡುಗಳ ನಿಯಮವು ಗಮನಾರ್ಹವಾದುದು. ಬೀಳುವುದು ತಪ್ಪೆಂದು ಅದು ಹೇಳುವುದಿಲ್ಲ. ಏಳದಿರುವುದನ್ನೇ ಸೋಲೆಂದು ಎಣಿಸುತ್ತದೆ. ಬಿದ್ದವನು ಆ ಹತ್ತು ಸೆಕೆಂಡುಗಳಲ್ಲಿ ಹೊಸ ಬಲವನ್ನು ಎಲ್ಲಿಂದಲೋ ತರಲಾರನು. ದಿನದಿನವೂ ಮುಂಜಾನೆ ಓಡಿ, ಹಗ್ಗ ಜಿಗಿದು, ಮರಳಿನ ಚೀಲಕ್ಕೆ ಸಾವಿರ ಸಲ ಗುದ್ದಿ ಕೂಡಿಟ್ಟ ಬಲವೇ ಅವನನ್ನು ಎಬ್ಬಿಸಬೇಕು. ಆದಕಾರಣ ಮುಷ್ಟಿಮಲ್ಲನ ಧೈರ್ಯವೆಂಬುದು ಕಣದಲ್ಲಿ ಹುಟ್ಟುವ ವಸ್ತುವಲ್ಲ. ಯಾರೂ ನೋಡದ ಮುಂಜಾನೆಗಳಲ್ಲಿ ಹುಟ್ಟಿ, ಎಲ್ಲರೂ ನೋಡುವ ಸಂಜೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ, ಅಷ್ಟೆ. ಒಳ್ಳೆಯ ಮಲ್ಲನಿಗೆ ಭಯವಿಲ್ಲವೆಂದು ಭಾವಿಸುವುದೂ ಸರಿಯಲ್ಲ. ಭಯವು ಅವನನ್ನು ಎಚ್ಚರದಲ್ಲಿಡುತ್ತದೆ. ಎಡಗೈಯನ್ನು ಮುಖದ ಮುಂದೆ ಎತ್ತಿ ಹಿಡಿಯುವಂತೆ ಮಾಡುತ್ತದೆ. ಕೋಪವು ಹಾಗಲ್ಲ. ಕೋಪ ಬಂದವನು ಕೈಯನ್ನು ದೊಡ್ಡದಾಗಿ ಬೀಸುತ್ತಾನೆ. ಬೀಸಿದವನ ಮುಖ ಬಯಲಾಗುತ್ತದೆ. ಹೀಗಿರಲು ಮುಷ್ಟಿಕಾಳಗವು ಕೋಪಿಷ್ಠರ ಆಟವೆಂಬ ಮಾತು ಅದನ್ನು ಕಾಣದವರ ಮಾತೆಂದೇ ತಿಳಿಯಬೇಕು.

ಇದು ಪರದೇಶದಿಂದ ಬಂದ ವಿದ್ಯೆಯೆಂದು ನಾವು ದೂರವಿಡಬೇಕಾಗಿಲ್ಲ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ, ಜಂಬೂಸವಾರಿ ಹೊರಡುವುದಕ್ಕೆ ಮುಂಚೆ, ವಜ್ರಮುಷ್ಟಿ ಕಾಳಗವನ್ನು ನಡೆಸುವ ಪದ್ಧತಿಯುಂಟು. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಬಲಗೈಯ ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿಯನ್ನು ತೊಟ್ಟು ಕಾದುತ್ತಾರೆ. ಒಬ್ಬನ ತಲೆಯಲ್ಲಿ ಮೊದಲ ರಕ್ತಬಿಂದು ಕಂಡೊಡನೆ ಕಾಳಗ ಮುಗಿಯಿತು. ಕೆಲವು ಕ್ಷಣಗಳ ಆ ಕಾಳಗಕ್ಕಾಗಿ ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜಟ್ಟಿ ಮನೆತನಗಳವರು ವ್ರತದಂತೆ ತಯಾರಾಗುತ್ತಾರೆ. ಕಳೆದ ನೂರು ವರ್ಷಗಳಲ್ಲಿ ಗೆದ್ದ ಜಟ್ಟಿಗಳ ಹೆಸರುಗಳನ್ನು ಹೇಳಿರೆಂದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು? ಆದರೆ ಕಾಳಗವು ಉಳಿದಿದೆ. ಅದನ್ನು ಕಲಿಸುವ ಗರಡಿ ಉಳಿದಿದೆ. ಮಣ್ಣಿಗೆ ಕೈಮುಗಿದು ಒಳಗೆ ಕಾಲಿಡುವ ಪದ್ಧತಿ ಉಳಿದಿದೆ. ಹೆಸರು ಉಳಿಯುವುದು ಒಂದು, ವಿದ್ಯೆ ಉಳಿಯುವುದು ಇನ್ನೊಂದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಹೆಸರನ್ನು ಬಯಸಿದವರಲ್ಲಿ ಅಗ್ರಗಣ್ಯನೆಂದರೆ ಅಮೆರಿಕದ ಮುಹಮ್ಮದ್ ಅಲಿ. ಲೂಯಿವಿಲ್ ನಗರದಲ್ಲಿ, ಕ್ಯಾಸಿಯಸ್ ಕ್ಲೇ ಎಂಬ ಹೆಸರಿನಿಂದ ಬೆಳೆಯುತ್ತಿದ್ದ ಈತನಿಗೆ ಹನ್ನೆರಡು ವರ್ಷವಾಗಿದ್ದಾಗ, 1954ರಲ್ಲಿ, ಈತನ ಸೈಕಲ್ಲನ್ನು ಯಾರೋ ಕದ್ದರು. ಕದ್ದವನನ್ನು ಹೊಡೆಯುತ್ತೇನೆಂದು ಕೂಗಾಡಿದ ಬಾಲಕನಿಗೆ ಜೋ ಮಾರ್ಟಿನ್ ಎಂಬ ಪೊಲೀಸಿನವನು, ಹೊಡೆಯುವುದಕ್ಕೆ ಮುಂಚೆ ಹೊಡೆಯುವುದನ್ನು ಕಲಿ ಎಂದು ಬುದ್ಧಿ ಹೇಳಿದನು. ಮಾರ್ಟಿನನು ಬಾಲಕರಿಗೆ ಮುಷ್ಟಿವಿದ್ಯೆಯನ್ನು ಕಲಿಸುತ್ತಿದ್ದವನು. ಹೀಗೆ ಕೋಪವು ಅಭ್ಯಾಸಕ್ಕೆ ತಿರುಗಿತು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ವರ್ಣಪದಕ. 1964ರಲ್ಲಿ ಜಗತ್ತಿನ ಹೆವಿವೆಯ್ಟ್ ಬಿರುದು. ತಾನೇ ಸರ್ವಶ್ರೇಷ್ಠನೆಂದು ಅಲಿಯು ಊರೂರಿಗೆ ಸಾರಿಕೊಳ್ಳುತ್ತಿದ್ದನು. ಬಾಯಿಬಡುಕನೆಂದು ಹಲವರು ಜರೆದರು.

ಆದರೆ 1967ರಲ್ಲಿ ವಿಯೆಟ್ನಾಂ ಯುದ್ಧದ ಸೇನೆಗೆ ಸೇರಲು ಅಲಿಯು ನಿರಾಕರಿಸಿದನು. ಬಿರುದನ್ನು ಕಿತ್ತುಕೊಂಡರು; ಮೂರೂವರೆ ವರ್ಷ ಕಣಕ್ಕಿಳಿಯಲು ಆಸ್ಪದ ದೊರೆಯಲಿಲ್ಲ. ಮುಷ್ಟಿಮಲ್ಲನ ಪ್ರಾಯದಲ್ಲಿ ಅತ್ಯುತ್ತಮವಾದ ವರ್ಷಗಳು ಅವು. 1971ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಆತನ ಮೇಲಿನ ಶಿಕ್ಷೆಯನ್ನು ರದ್ದುಮಾಡಿತು. 1974ರಲ್ಲಿ ಆಫ್ರಿಕದ ಕಿನ್ಶಾಸಾ ನಗರದಲ್ಲಿ ತನಗಿಂತ ಚಿಕ್ಕ ಪ್ರಾಯದ ಜಾರ್ಜ್ ಫೋರ್‌ಮನ್ನನನ್ನು ಮಣಿಸಿ ಬಿರುದನ್ನು ಮರಳಿ ಪಡೆದನು. ಇಂದು ಜನರು ಅಲಿಯನ್ನು ನೆನೆಯುವಾಗ ಗೆದ್ದ ಪಂದ್ಯಗಳಷ್ಟೇ ಆದರದಿಂದ ಆ ಆಡದ ವರ್ಷಗಳನ್ನೂ ನೆನೆಯುತ್ತಾರೆ. ಕೀರ್ತಿಗಾಗಿ ಹಂಬಲಿಸಿದವನಿಗೆ ಶಾಶ್ವತವಾದ ಕೀರ್ತಿಯು, ಕೀರ್ತಿಯನ್ನು ಪಣಕ್ಕೊಡ್ಡಿದ ದಿನ ಬಂದಿತು. 1989ರಲ್ಲಿ ಅಲಿಯು ನಮ್ಮ ಈ ಕೇರಳದ ಕೋಳಿಕ್ಕೋಡಿಗೂ ಬಂದಿದ್ದನು. ಆ ವೇಳೆಗೆ ಪಾರ್ಕಿನ್ಸನ್ ರೋಗವು ಆತನ ಮಾತನ್ನೂ ಕೈಯನ್ನೂ ಕುಗ್ಗಿಸಿತ್ತು. ಕಣವನ್ನು ಬಿಟ್ಟು ಎಂಟು ವರ್ಷವಾಗುತ್ತ ಬಂದಿತ್ತು. ಆದರೂ ಜನ ಕಾಣಲು ಬಂದರು.

ದೂರದ ಈ ಮಹಾಪುರುಷನನ್ನು ಬಿಟ್ಟು ಈಗ ನಮ್ಮ ಹತ್ತಿರದವರ ಕಡೆಗೆ ತಿರುಗೋಣ. ಕಾಸರಗೋಡಿನ ದಕ್ಷಿಣಕ್ಕೆ ಹೊಂದಿಕೊಂಡಿರುವ ಕಣ್ಣೂರಿನವರಾದ ಕೆ. ಸಿ. ಲೇಖಾ ಎಂಬವರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು? 2006ರ ನವೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಮಹಿಳೆಯರ ವಿಶ್ವ ಮುಷ್ಟಿಕಾಳಗ ಸ್ಪರ್ಧೆಯಲ್ಲಿ 75 ಕಿಲೋಗ್ರಾಂ ವರ್ಗದ ಸ್ವರ್ಣಪದಕವನ್ನು ಗೆದ್ದವರು ಅವರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ನಾಲ್ಕು ಸ್ವರ್ಣಪದಕಗಳು ದೊರೆತವು; ಮಣಿಪುರದ ಮೇರಿ ಕೋಮ್ ಮತ್ತು ಸರಿತಾ ದೇವಿಯವರೂ ಅಂದು ಗೆದ್ದವರಲ್ಲಿ ಸೇರಿದ್ದರು. ಜಗತ್ತನ್ನೇ ಗೆದ್ದ ಲೇಖಾ ಅವರಿಗೆ ಒಲಿಂಪಿಕ್ಸಿನ ಬಾಗಿಲು ತೆರೆದಿರಲಿಲ್ಲ. ಕಾರಣವೇನೆಂದರೆ ಆ ಕಾಲಕ್ಕೆ ಒಲಿಂಪಿಕ್ಸಿನಲ್ಲಿ ಮಹಿಳೆಯರ ಮುಷ್ಟಿಕಾಳಗವೇ ಇರಲಿಲ್ಲ. ಅದನ್ನು ಸೇರಿಸುವ ನಿರ್ಣಯವಾದುದು 2009ರಲ್ಲಿ. ಮೊದಲು ನಡೆದುದು 2012ರಲ್ಲಿ, ಲಂಡನ್ನಿನಲ್ಲಿ. ಅಲ್ಲಿ 75 ಕಿಲೋಗ್ರಾಂ ವರ್ಗದ ಸ್ವರ್ಣವನ್ನು ಅಮೆರಿಕದ ಹದಿನೇಳು ವರ್ಷದ ಕ್ಲಾರೆಸ್ಸಾ ಶೀಲ್ಡ್ಸ್ ಪಡೆದಳು. ಲೇಖಾ ಆ ಕಣದಲ್ಲಿರಲಿಲ್ಲ. ಜೀವಮಾನದ ಸಾಧನೆಗಾಗಿ ಆಗ ಕೊಡುತ್ತಿದ್ದ ಧ್ಯಾನ್‌ಚಂದ್ ಪ್ರಶಸ್ತಿಯು ಅವರಿಗೆ ಸಂದುದು 2021ರಲ್ಲಿ, ಗೆಲುವಿನ ಹದಿನೈದು ವರ್ಷಗಳ ಅನಂತರ.

ಮೇರಿ ಕೋಮರ ಕಷ್ಟ ಬೇರೆ ಬಗೆಯದು. ಚುರಾಚಾಂದ್‌ಪುರ ಜಿಲ್ಲೆಯ ಕಾಂಗಾಥೈ ಎಂಬ ಹಳ್ಳಿಯ ಬಡ ಒಕ್ಕಲು ಮನೆತನದಲ್ಲಿ ಹುಟ್ಟಿದ ಅವರು ಮೊದಲು ಓಟ ಮತ್ತು ಈಟಿ ಎಸೆತಗಳಲ್ಲಿ ತೊಡಗಿದ್ದರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಮಣಿಪುರದವನೇ ಆದ ಡಿಂಗ್ಕೋ ಸಿಂಗ್ ಸ್ವರ್ಣಪದಕ ಗೆದ್ದನು. ಮುಷ್ಟಿಕಾಳಗದಲ್ಲಿ ಏಷ್ಯನ್ ಕ್ರೀಡೆಗಳ ಸ್ವರ್ಣವು 1982ರ ಅನಂತರ ಭಾರತಕ್ಕೆ ದೊರೆತುದು ಅದೇ ಮೊದಲು. ಅನಾಥಾಲಯದಲ್ಲಿ ಬೆಳೆದ ಆ ಹುಡುಗನು ಗೆದ್ದುದನ್ನು ಕಂಡು ಮಣಿಪುರದ ಎಷ್ಟೋ ಮಕ್ಕಳು ಗವುಸು ತೊಟ್ಟರು. ಅವರಲ್ಲಿ ಮೇರಿಯೂ ಒಬ್ಬರು. ತಂದೆಗೆ ತಿಳಿಯದಂತೆ ಕಲಿತರು. ರಾಜ್ಯಮಟ್ಟದಲ್ಲಿ ಗೆದ್ದ ಮೇಲೆ ವೃತ್ತಪತ್ರಿಕೆಯ ಚಿತ್ರದಿಂದ ತಂದೆಗೆ ಗುಟ್ಟು ತಿಳಿಯಿತು. 2002, 2005, 2006, 2008, 2010 ಮತ್ತು 2018, ಹೀಗೆ ಆರು ಸಲ ಮೇರಿ ಜಗಜ್ಜೇತೃಗಳಾದರು. 2007ರಲ್ಲಿ ಅವಳಿ ಮಕ್ಕಳಿಗೆ ತಾಯಿಯಾಗಿ, ಮತ್ತೆ ಅಭ್ಯಾಸಕ್ಕಿಳಿದು ಗೆದ್ದುದು 2008ರ ಬಿರುದು.

ಲಂಡನ್ನಿನ ಬಾಗಿಲು ಇವರಿಗೆ ಸಕಾಲದಲ್ಲಿಯೇ ತೆರೆಯಿತು. ಆದರೆ ಅಲ್ಲಿ ಇವರ ತೂಕದ ವರ್ಗವಿರಲಿಲ್ಲ. ಮಹಿಳೆಯರಿಗೆ ಮೂರೇ ವರ್ಗಗಳನ್ನು ಇಟ್ಟಿದ್ದರು. ಅವುಗಳಲ್ಲಿ ಅತಿ ಹಗುರವಾದುದು 51 ಕಿಲೋಗ್ರಾಂ. ಮೇರಿ ಗೆಲ್ಲುತ್ತ ಬಂದುದು 46, 48 ಕಿಲೋಗ್ರಾಂ ವರ್ಗಗಳಲ್ಲಿ. ಮೂರು ಕಿಲೋಗ್ರಾಂ ಎಂದರೆ ತರಕಾರಿಯ ಚೀಲಕ್ಕೆ ಏನೂ ಅಲ್ಲ. ಕಣದಲ್ಲಿ ಅದು ಎದುರಾಳಿಯ ತೋಳಿನ ಉದ್ದ, ಭುಜದ ಅಗಲ, ಗುದ್ದಿನ ತೂಕ. ತನಗಾಗಿ ಹೊಸ ವರ್ಗವನ್ನು ಮಾಡಿರೆಂದು ಕೇಳುತ್ತ ಕುಳಿತಿದ್ದರೆ ವರ್ಷಗಳು ಕಳೆದುಹೋಗುತ್ತಿದ್ದವು. ಮೇರಿ ತಮಗಿಂತ ದೊಡ್ಡವರೊಡನೆ ಕಾದಿ ಕಂಚಿನ ಪದಕವನ್ನು ತಂದರು.

ಈ ಎರಡು ಜೀವನಗಳನ್ನು ಜೊತೆಯಲ್ಲಿಟ್ಟು ನೋಡಿರಿ. ಒಬ್ಬರ ತೂಕದ ವರ್ಗವಿತ್ತು, ಕಾಲ ಬಂದಿರಲಿಲ್ಲ. ಇನ್ನೊಬ್ಬರಿಗೆ ಕಾಲ ಬಂದಿತು, ವರ್ಗವಿರಲಿಲ್ಲ. ಲೋಕದ ಏರ್ಪಾಡು ನಮ್ಮ ಅಳತೆಗೆ ಹೊಲಿದ ಅಂಗಿಯಲ್ಲ. ಗೆಲ್ಲುವ ಆಸೆಯು ಬಹುಮಟ್ಟಿಗೆ ನಮ್ಮ ಅಭ್ಯಾಸವನ್ನು ಹೊಂದಿಕೊಂಡಿದೆ. ಹೆಸರಾಗುವ ಆಸೆಯು ಲೋಕದ ಕಣ್ಣನ್ನು ಹೊಂದಿಕೊಂಡಿದೆ. ಲೋಕದ ಕಣ್ಣೋ, ಒಮ್ಮೆ ಬೇಗ ತೆರೆಯುತ್ತದೆ, ಒಮ್ಮೆ ತಡವಾಗಿ ತೆರೆಯುತ್ತದೆ, ಒಮ್ಮೊಮ್ಮೆ ತೆರೆಯುವುದೇ ಇಲ್ಲ. ಹಾಗಾದರೆ ಶಾಶ್ವತವಾಗಿ ಉಳಿಯಬೇಕೆಂಬ ಮಹದಾಸೆಯು ಕೇವಲ ಭ್ರಮೆಯೆ? ಅಲ್ಲವೆಂದು ನಾವು ಹೇಳುತ್ತೇವೆ. ಆದರೆ ಅದು ಉಳಿಯುವ ಸ್ಥಳ ಬೇರೆ.

ಹವಾ ಸಿಂಗ್ ಎಂಬ ಸೈನಿಕನು 1966 ಮತ್ತು 1970ರ ಏಷ್ಯನ್ ಕ್ರೀಡೆಗಳೆರಡರಲ್ಲಿಯೂ ಹೆವಿವೆಯ್ಟ್ ಸ್ವರ್ಣವನ್ನು ಗೆದ್ದನು. ಇಂದಿನ ಮಕ್ಕಳಿಗೆ ಆತನ ಹೆಸರು ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. ಆದರೆ ಕಣದಿಂದ ಇಳಿದ ಮೇಲೆ ಆತನು ಹರಿಯಾಣದ ಭಿವಾನಿಯಲ್ಲಿ ಹುಡುಗರಿಗೆ ವಿದ್ಯೆ ಕಲಿಸಲು ನಿಂತನು. ಆ ಊರು ಮುಷ್ಟಿಮಲ್ಲರ ಊರಾಗಿ ಬೆಳೆಯಿತು. ಹವಾ ಸಿಂಗ್ 2000ದಲ್ಲಿ ತೀರಿಕೊಂಡನು. 2008ರಲ್ಲಿ, ಬೀಜಿಂಗಿನಲ್ಲಿ, ಮುಷ್ಟಿಕಾಳಗದ ಮೊದಲ ಒಲಿಂಪಿಕ್ ಪದಕವನ್ನು ಭಾರತಕ್ಕೆ ತಂದ ವಿಜೇಂದರ್ ಸಿಂಗ್ ಅದೇ ಭಿವಾನಿಯ ಹುಡುಗ. ಡಿಂಗ್ಕೋ ಸಿಂಗನು ಕಾಯಿಲೆಯೊಡನೆ ಬಹುಕಾಲ ಹೋರಾಡಿ 2021ರ ಜೂನಿನಲ್ಲಿ, ನಲವತ್ತೆರಡರ ಪ್ರಾಯದಲ್ಲಿ, ಮಡಿದನು. ಆತನು ಹಚ್ಚಿದ ದೀಪದಿಂದ ಮೇರಿಯ ದೀಪ ಹೊತ್ತಿತ್ತು. ಮೇರಿಯನ್ನು ನೋಡಿ ಬೆಳೆದ ಪೀಳಿಗೆಯಲ್ಲಿ ಅಸ್ಸಾಮಿನ ಲವ್ಲೀನಾ ಬೊರ್ಗೊಹೈನ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಕಂಚನ್ನು ಗೆದ್ದರು. ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ಬಿರುದುಗಳನ್ನು ಗೆದ್ದರು. ಪದಕವು ಗಾಜಿನ ಬೀರುವಿನಲ್ಲಿ ಕಂದುತ್ತದೆ. ಕೈಯಿಂದ ಕೈಗೆ ದಾಟಿದ ವಿದ್ಯೆಯು ಕಂದುವುದಿಲ್ಲ. ಜಟ್ಟಿಗಳ ಗರಡಿಯು ಶತಮಾನಗಳಿಂದ ಹೇಳುತ್ತಿರುವುದೂ ಇದನ್ನೇ.

ಇಷ್ಟನ್ನು ಹೇಳಿದ ಮೇಲೆ ಈ ಆಟದ ಬೆಲೆಯನ್ನು ಮರೆಮಾಚುವುದು ಗುರುಗಳಿಗೆ ಉಚಿತವಲ್ಲ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಮಿದುಳಿಗೆ ಹಾನಿಮಾಡುತ್ತದೆಂದು 1928ರಲ್ಲಿಯೇ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡ್ ಬರೆದನು. ಹಳೆಯ ಮಲ್ಲರ ತಡವರಿಸುವ ನಡಿಗೆ, ತೊದಲುವ ಮಾತು, ಮಸಕಾಗುವ ನೆನಪುಗಳನ್ನು ಆತನು ವಿವರಿಸಿದನು. ಆದಕಾರಣ ಗುರುವಿಲ್ಲದೆ, ಗವುಸಿಲ್ಲದೆ, ವೈದ್ಯರ ಪರೀಕ್ಷೆಯಿಲ್ಲದೆ ಯಾರೂ ಈ ಆಟಕ್ಕೆ ಕೈಹಾಕಬಾರದು. ಶಾಲೆಯ ಅಂಗಳದ ಜಗಳಕ್ಕೆ ಬಾಕ್ಸಿಂಗ್ ಎಂಬ ಹೆಸರಿಡಬಾರದು. ತಲೆಗೆ ಪೆಟ್ಟು ತಗಲಿದವನನ್ನು ಆಟದಿಂದ ಹೊರಗೆ ಕೂರಿಸುವ ಗುರುವು ಹೇಡಿಯಲ್ಲ. ಯಾವಾಗ ನಿಲ್ಲಿಸಬೇಕೆಂಬುದನ್ನು ತಿಳಿಯುವುದೂ ಮಲ್ಲನ ವಿವೇಕಕ್ಕೆ ಸೇರಿದ್ದು. ಇದನ್ನು ಕಲಿಯದೆ ನೊಂದವರು ಮಹಾಮಲ್ಲರಲ್ಲಿಯೂ ಉಂಟು.

ಇಷ್ಟೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಹೆಚ್ಚಿನವರು ಕಣಕ್ಕಿಳಿಯುವವರಲ್ಲ. ಆದರೆ ನಮ್ಮ ಸ್ಥಿತಿಯನ್ನು ಆಲೋಚಿಸಿರಿ. ಈ ಊರಿನ ಬೀದಿಯ ಭಾಷೆ ಮಲೆಯಾಳ. ಕಛೇರಿಯ ಕಾಗದಗಳು ಮಲೆಯಾಳದಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಕನ್ನಡವು ನಮ್ಮ ಮನೆಯಲ್ಲಿದೆ, ನಮ್ಮ ತರಗತಿಯಲ್ಲಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ತಂದೆತಾಯಿಗಳ ಮಕ್ಕಳು ನೀವು. ಊರು ಬಿಟ್ಟು ಬಂದ ಅಧ್ಯಾಪಕರು ನಾವು. ಕನ್ನಡದಲ್ಲಿ ಓದಿ ಎಲ್ಲಿಗೆ ಮುಟ್ಟುವೆವು, ಇಲ್ಲಿ ನಮ್ಮನ್ನು ಯಾರು ಗುರುತಿಸುವರು ಎಂಬ ಪ್ರಶ್ನೆಯು ಹತ್ತನೆಯ ತರಗತಿ ಹತ್ತಿರವಾದಂತೆ ಪ್ರತಿ ವರ್ಷವೂ ಕೇಳಿಬರುತ್ತದೆ. ಕನ್ನಡ ಮಾಧ್ಯಮದಲ್ಲಿಯೇ ಓದಿ ಈ ಊರಿಗೆ ಬಂದ ನಮಗೂ ಅದು ಹೊಸ ಪ್ರಶ್ನೆಯಲ್ಲ. ನಮ್ಮ ತೂಕದ ವರ್ಗವಿಲ್ಲದ ಕಣದಲ್ಲಿ ನಾವು ನಿಂತಿದ್ದೇವೆ ಎಂಬುದು ಸುಳ್ಳಲ್ಲ.

ಆ ಪ್ರಶ್ನೆಗೆ ಸಿಹಿಯಾದ ಉತ್ತರವನ್ನು ಕೊಟ್ಟು ಮಕ್ಕಳನ್ನು ಮರುಳುಗೊಳಿಸುವುದು ನಮಗೆ ಇಷ್ಟವಿಲ್ಲ. ಲೋಕವು ನಮಗಾಗಿ ವರ್ಗವನ್ನು ಮಾಡುವ ತನಕ ಕಾಯುವುದು ವ್ಯರ್ಥ. ಮಲೆಯಾಳವನ್ನೂ ಇಂಗ್ಲಿಷನ್ನೂ ಕಲಿತು, ಮೂರು ಕಿಲೋಗ್ರಾಂ ಭಾರವಾದ ಎದುರಾಳಿಯ ಮುಂದೆ ನಿಂತ ಮೇರಿಯಂತೆ ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲುವಾಗ ಕಾಲೂರುವ ನೆಲವೊಂದು ಬೇಕು. ನಮಗೆ ಆ ನೆಲ ಕನ್ನಡ. ತಾಯ್ನುಡಿಯಲ್ಲಿ ಗಟ್ಟಿಯಾಗಿ ಓದಿ, ಸ್ಪಷ್ಟವಾಗಿ ಬರೆದು, ಲೆಕ್ಕವನ್ನೂ ವಿಜ್ಞಾನವನ್ನೂ ಬಾಯಿಪಾಠವಲ್ಲದೆ ಅರ್ಥಮಾಡಿಕೊಂಡವನು ಬೇರೆ ಭಾಷೆಯ ಗುದ್ದಿಗೆ ಬೇಗ ಉರುಳುವುದಿಲ್ಲ. ಉರುಳಿದರೂ ಹತ್ತು ಎಣಿಸುವುದರೊಳಗೆ ಏಳುತ್ತಾನೆ. ಚಪ್ಪಾಳೆಯು ಬಾರದಿದ್ದರೆ, ಲೇಖಾ ಅವರಿಗೆ ಅದು ಹದಿನೈದು ವರ್ಷ ತಡವಾಗಿ ಬಂದಿತೆಂಬುದನ್ನು ನೆನೆಯಿರಿ. ಬಾರದೆಯೇ ಹೋದರೆ, ಹೆಸರಿಲ್ಲದ ಜಟ್ಟಿಗಳನ್ನು ನೆನೆಯಿರಿ.

ಇನ್ನು ಉಳಿಯುವ ಮಾತು. ಮೇಲಿನ ತರಗತಿಯ ವಿದ್ಯಾರ್ಥಿಗಳೇ, ಪ್ರತಿ ಜೂನಿನಲ್ಲಿ ನಮ್ಮ ಶಾಲೆಗೆ ಕನ್ನಡದ ಒಂದಕ್ಷರವನ್ನೂ ಬರೆಯಲಾರದ ಚಿಕ್ಕ ಮಕ್ಕಳು ಬರುತ್ತಾರೆ. ಅವರ ಪಕ್ಕದಲ್ಲಿ ಕುಳಿತು, ಕೈ ಹಿಡಿದು, ಅ ಆ ಇ ಈ ಬರೆಯಿಸಲು ಅಧ್ಯಾಪಕರೇ ಬೇಕೆಂದಿಲ್ಲ. ದಿನಕ್ಕೆ ಕಾಲು ಗಂಟೆ ಕೊಡುವ ಅಣ್ಣನೋ ಅಕ್ಕನೋ ಸಾಕು. ಆ ಮಗುವು ಮುಂದೆ ನಿಮ್ಮ ಹೆಸರನ್ನು ಮರೆತೀತು. ಅಕ್ಷರವನ್ನು ಮರೆಯಲಾರದು.